ತೆಗೆದುಹಾಕಿದ ಎರಡನೆಯ ಓದು

ಆ ಬದಲಾವಣೆ ಹದಿನಾಲ್ಕೋ ಹದಿನೈದೋ ಸಾಲಿನದು. ಇಪ್ಪತ್ತು ಇರಲಿಲ್ಲ ಅನ್ನುವುದಷ್ಟೇ ಖಾತ್ರಿ. ನನ್ನ ನೆನಪಿನ ಮೇಲೆ ನನಗೇ ಅಂಥ ಭರವಸೆಯಿಲ್ಲ, ಓದುವವರೂ ಇಟ್ಟುಕೊಳ್ಳಬೇಕಾಗಿಲ್ಲ. ಆದರೆ ಅದರ ಜೊತೆ ಬಂದ ಇಮೇಲಿನ ಧಾಟಿ ಮಾತ್ರ ಚೆನ್ನಾಗಿ ನೆನಪಿದೆ. ಇಷ್ಟು ಸರಳವಾದದ್ದು ಇಷ್ಟು ವರ್ಷ ಉಳಿದವರಿಗೆ ಯಾಕೆ ಹೊಳೆಯಲಿಲ್ಲವೋ ತನಗೆ ಅರ್ಥವಾಗಿಲ್ಲ ಎಂದು ಅದನ್ನು ಕಳಿಸಿದ ಮಹಾಶಯ ಬರೆದಿದ್ದ. ಹೀಗೆ ಬರೆಯುವವರನ್ನು ನಾನು ವಿಶ್ವವಿದ್ಯಾಲಯದಲ್ಲಿ ಸಾಕಷ್ಟು ಕಂಡಿದ್ದೆ. ಉಳಿದವರಿಗೆ ಹೊಳೆದಿರುತ್ತದೆ, ಅದರ ಮುಂದಿನ ತೊಡಕೂ ಹೊಳೆದಿರುತ್ತದೆ, ಅದಕ್ಕೇ ಬಿಟ್ಟಿರುತ್ತಾರೆ.

ಯೋಜನೆ ಒಂದು ಮುಕ್ತ ಕಂಪೈಲರಿನದು. ಮನುಷ್ಯ ಬರೆದ ಪ್ರೋಗ್ರಾಮನ್ನು ಚಿಪ್‌ಗೆ ತಿಳಿಯುವ ಆಜ್ಞೆಗಳಾಗಿ ಇಳಿಸಿಕೊಡುವ ಪ್ರೋಗ್ರಾಮಿಗೆ ಕಂಪೈಲರ್ ಅನ್ನುತ್ತಾರೆ. ನಮ್ಮದು ಸಣ್ಣ, ಅಗ್ಗದ ಚಿಪ್‌ಗಳಿಗಾಗಿ ಇದ್ದದ್ದು. ಯಾರು ಬೇಕಾದರೂ ಬದಲಾವಣೆ ಕಳಿಸಬಹುದು. ಕಳಿಸಿದ್ದನ್ನು ಇನ್ನೊಬ್ಬ ಓದಿ ಸರಿಯೋ ತಪ್ಪೋ ಹೇಳಬೇಕು. ಕೋಡನ್ನು ಕಿರಿದು ಮಾಡುವ ಭಾಗಕ್ಕೆ ಆ ಇನ್ನೊಬ್ಬ ನಾನಾಗಿದ್ದೆ. ಸಂಬಳವಿಲ್ಲ, ಶಾಲು ಹೊದಿಸುವವರಿಲ್ಲ. ಅಲ್ಲೊಂದು ಪದ್ಧತಿ ಇತ್ತು: ಬದಲಾವಣೆ ಬಂದ ಒಂದು ವಾರದೊಳಗೆ ಪರಿಶೀಲಕ ಬೇಡ ಎನ್ನದಿದ್ದರೆ ಅದು ಒಪ್ಪಿಗೆಯಾದಂತೆ. ಮೌನವನ್ನು ಇಷ್ಟು ನಂಬುವ ಜಾಗ ನಾನು ಕಲಿಸುತ್ತಿದ್ದ ಸಿಂದಗಿಯ ಕಾಲೇಜಿನ ಸ್ಟಾಫ್ ಮೀಟಿಂಗ್ ಬಿಟ್ಟರೆ ಬೇರೆ ಇರಲಿಲ್ಲ.

ಬದಲಾವಣೆಯ ತಿರುಳು ಇಷ್ಟು. ಪ್ರೋಗ್ರಾಮ್ ಒಂದು ಜಾಗದಿಂದ ಒಂದು ಬೆಲೆಯನ್ನು, ಅಂದರೆ ಒಂದು ಅಂಕಿಯನ್ನು, ಓದುತ್ತದೆ. ಸ್ವಲ್ಪ ಮುಂದೆ ಹೋಗಿ ಅದೇ ಜಾಗವನ್ನು ಮತ್ತೆ ಓದುತ್ತದೆ. ನಡುವೆ ಆ ಜಾಗಕ್ಕೆ ಯಾರೂ ಏನೂ ಬರೆದಿಲ್ಲವಾದರೆ, ಎರಡನೆಯ ಸಲವೂ ಸಿಗುವುದು ಹಳೆಯ ಬೆಲೆಯೇ. ಹಾಗಾದರೆ ಎರಡನೆಯ ಓದು ದಂಡ, ಕಂಪೈಲರ್ ಅದನ್ನು ತೆಗೆದುಹಾಕಲಿ. ಚಿಪ್‌ನ ಒಳಗಿನ ನೆನಪಿನ ಮಟ್ಟಿಗೆ ಇದು ಸರಿ. ಆ ಜಾಗ ಚಿಪ್‌ಗೆ ಹೊರಗಿನಿಂದ ಬಂದ ತಂತಿಯಾದರೆ ಸರಿಯಲ್ಲ, ಯಾಕೆಂದರೆ ತಂತಿಯ ಮೇಲೆ ಕರೆಂಟು ಯಾರನ್ನೂ ಕೇಳದೆ ಬರುತ್ತದೆ, ಹೋಗುತ್ತದೆ. ಅದು ಅವನಿಗೂ ಗೊತ್ತಿತ್ತು. ಹೊರಗಿನ ತಂತಿಗಳನ್ನು ಬಿಟ್ಟಿದ್ದೇನೆ ಎಂದು ಬರೆದಿದ್ದ.

ಮೊದಲ ದಿನ ಓದಿದಾಗ ನನಗೂ ತಪ್ಪು ಕಾಣಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಪರದೆ ಎಳೆದ ಡಬ್ಬಿಯೊಳಗೆ ಕೂತು ಅದನ್ನು ಇಳಿಸಿಕೊಂಡೆ, ಫ್ಲಾಪಿಯಲ್ಲಿ ಕಾಲೇಜಿನ ಲ್ಯಾಬಿಗೆ ಒಯ್ದು ಕಂಪೈಲರನ್ನು ಹೊಸದಾಗಿ ಕಟ್ಟಿದೆ. ಕಟ್ಟುವುದಕ್ಕೆ ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು, ಕರೆಂಟು ನಡುವೆ ಹೋದರೆ ಮತ್ತೆ ಮೊದಲಿನಿಂದ. ಯೋಜನೆಯ ಜೊತೆಗಿದ್ದ ಪರೀಕ್ಷೆಗಳೆಲ್ಲ ಪಾಸಾದವು. ಪರೀಕ್ಷೆ ಪಾಸಾಗುವುದು ಎಂದರೇನು ಎಂದು ನಮ್ಮ ಕಾಲೇಜಿನ ಫಲಿತಾಂಶ ನೋಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಹೊರಗಿನ ಒಂದು ಪ್ರೋಗ್ರಾಮಿನ ಮೇಲೂ ಹಚ್ಚಿ ನೋಡೋಣವೆಂದು ಕೈಗೆ ಸಿಕ್ಕವುಗಳಲ್ಲೇ ಅತ್ಯಂತ ಹೊಲಸಾದದ್ದನ್ನು ಆರಿಸಿದೆ. ಅದು ನಮ್ಮ ಮಾಮಾನದು.

ಮಾಮಾ ಎಂದರೆ ನನ್ನ ಅಕ್ಕನ ಗಂಡ; ನಮ್ಮ ಕಡೆ ಹೆಂಡತಿಯ ತಮ್ಮನನ್ನು ಅಳಿಯ ಎಂದೇ ಕರೆಯುತ್ತಾರೆ. ಬಸವನ ಬಾಗೇವಾಡಿಯಲ್ಲಿ ಅವರದು ಮೋಟಾರು ರಿಪೇರಿ ಅಂಗಡಿ. ಹೊಲದ ಬೋರ್‌ವೆಲ್ಲಿಗೆ ಮೂರು ಫೇಸಿನ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದ ಕಾಲ ಅದು. ಬಂದಾಗ ತಾನೇ ಮೋಟಾರು ಚಾಲೂ ಮಾಡುವ ಪೆಟ್ಟಿಗೆಗೆ ಆಟೋ ಸ್ಟಾರ್ಟರ್ ಅನ್ನುತ್ತಿದ್ದರು. ಮಾಮಾ ಅದನ್ನು ಚಿಪ್ ಇಟ್ಟು ಮಾಡಲು ಹೊರಟಿದ್ದರು. ಚಿಪ್ ಮೂರೂ ಫೇಸ್ ಬಂದಿದೆಯೇ ಎಂದು ನೋಡಬೇಕು, ಕೆಲವು ಸೆಕೆಂಡು ತಡೆದು ಮತ್ತೆ ನೋಡಬೇಕು, ಎರಡೂ ಸಲ ಮೂರೂ ಇದ್ದರೆ ಮಾತ್ರ ಮೋಟಾರು ಎತ್ತಬೇಕು, ಅಂದರೆ ಚಾಲೂ ಮಾಡಬೇಕು. ಯಾಕೆಂದರೆ ನಮ್ಮ ಕಡೆ ಕರೆಂಟು ನೇರವಾಗಿ ಬರುವುದಿಲ್ಲ. ಮೂರನೆಯ ಫೇಸು ಇಣುಕಿ ನೋಡಿ ಹಿಂದೆ ಸರಿಯುತ್ತದೆ. ಎರಡೇ ಫೇಸಿನ ಮೇಲೆ ಓಡಿದ ಮೋಟಾರು ಸ್ವಲ್ಪ ಹೊತ್ತಿನಲ್ಲಿ ಸುಡುತ್ತದೆ. ಅದನ್ನು ತಡೆಯಲೆಂದು ಹಳೆಯ ಸ್ಟಾರ್ಟರುಗಳಲ್ಲಿ ಒಂದು ರಿಲೇ ಇರುತ್ತದೆ, ಅದು ಪದೇ ಪದೇ ಬಿದ್ದು ಮೋಟಾರು ನಿಲ್ಲಿಸುತ್ತದೆಂದು ಅರ್ಧ ಜನ ಅದರ ಅಡ್ಡಕ್ಕೆ ತಂತಿ ಹಾಕಿ ಕೂಡಿಸಿಬಿಟ್ಟಿರುತ್ತಾರೆ.

ಪ್ರೋಗ್ರಾಮನ್ನು ಮಾಮಾ ತಾವೇ ಬರೆದಿದ್ದರು. ಅಂದರೆ ಐದಾರು ಕಡೆಯಿಂದ ತುಂಡು ತಂದು ಕೌದಿ ಹೊಲಿದಂತೆ ಹೊಲಿದಿದ್ದರು. ಕೌದಿ ಬೆಚ್ಚಗಾದರೂ ಇರುತ್ತದೆ. ಇದು ಅವರು ಆರಿಸಿದ ಅಗ್ಗದ ಚಿಪ್‌ನಲ್ಲಿ ಹಿಡಿಸುತ್ತಲೇ ಇರಲಿಲ್ಲ. ಕಿರಿದು ಮಾಡಿಕೊಡು ಎಂದು ನನಗೆ ಕೊಟ್ಟಿದ್ದರು, ನಾನು ಮುಟ್ಟಿರಲಿಲ್ಲ. ಹೊಸ ಬದಲಾವಣೆ ಹಾಕಿದ ಕಂಪೈಲರಿಗೆ ಅದನ್ನು ತಿನ್ನಿಸಿದೆ. ಹಿಡಿಸಿತು.

ಆ ಸಂಜೆ ಅಕ್ಕನೊಡನೆ ಫೋನಿನಲ್ಲಿ ಮಾತಾಡುವಾಗ ಇದನ್ನು ಹೇಳಿದೆ. ಹೇಳಬಾರದಿತ್ತು. ಮರುದಿನವೇ ಮಾಮಾ ಕಾಲೇಜಿನ ಆಫೀಸಿಗೆ ಫೋನ್ ಮಾಡಿದರು.

“ಅಳಿಯಾ, ಹಿಡೀತಂತಲ್ಲೊ! ನಾ ಇಂಗಳೇಶ್ವರದ ಗೌಡರಿಗೆ ಯುಗಾದಿಗೆ ಕೂಡಸ್ತೇನಿ ಅಂದುಬಿಟ್ಟೇನಿ. ಅವರು ನಾಕ್ ಮಂದಿಗೆ ಹೇಳ್ಯಾರ. ಈಗ ಮಾತು ಊರಾಗ ಐತಿ.”

“ಇನ್ನೂ ಒಪ್ಪಿಗೆ ಆಗಿಲ್ರಿ ಮಾಮಾ. ನಾ ಓದಾಕತ್ತೇನಿ.”

“ಓದು. ಎಷ್ಟ್ ಓದತಿ? ಒಂದ್ ಪುಟಾನೂ ಇಲ್ಲಂತಲ್ಲ.”

ಮಾತು ಊರಾಗ ಐತಿ ಎಂದರೆ ಏನೆಂದು ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾಮಾನ ಮೊದಲಿನ ಎರಡು ಸಾಹಸಗಳು ಆಗಲೇ ನಗೆಪಾಟಲಾಗಿದ್ದವು. ಇದೂ ಹೋದರೆ ಅವರ ಅಂಗಡಿಗೆ ಜನ ರಿಪೇರಿಗಲ್ಲ, ಚೇಷ್ಟೆಗೆ ಬರುತ್ತಾರೆ ಎಂದು ಅಕ್ಕನೇ ಹೇಳಿದ್ದಳು.

ನನ್ನನ್ನು ಕಾಡಿದ್ದು ಬೇರೆ. ಪ್ರೋಗ್ರಾಮ್ ಯಾಕೆ ಅಷ್ಟೊಂದು ಕಿರಿದಾಯಿತು? ಅಷ್ಟು ದಂಡದ ಓದು ಮಾಮಾನ ಕೌದಿಯಲ್ಲೂ ಇರಲಾರದು. ಕಂಪೈಲರ್ ಇಳಿಸಿಕೊಟ್ಟ ಆಜ್ಞೆಗಳನ್ನು ಲ್ಯಾಬಿನ ಪ್ರಿಂಟರಿನಲ್ಲಿ ಅಚ್ಚು ಹಾಕಿ, ಬದಲಾವಣೆ ಮೊದಲಿನದು ಎಡಕ್ಕೆ, ಆಮೇಲಿನದು ಬಲಕ್ಕೆ ಇಟ್ಟುಕೊಂಡು ಸಾಲು ಸಾಲಾಗಿ ಬೆರಳಿಟ್ಟು ಇಳಿದೆ. ಎಡಗಡೆ ಮೂರು ಫೇಸಿನ ಓದು, ತಡೆಯುವ ಸುತ್ತು, ಮತ್ತೆ ಮೂರು ಫೇಸಿನ ಓದು. ಬಲಗಡೆ ಮೂರು ಫೇಸಿನ ಓದು, ತಡೆಯುವ ಸುತ್ತು, ಮೋಟಾರು.

ಎರಡನೆಯ ಓದು ಮಾಯ. ಚಿಪ್ ಶ್ರದ್ಧೆಯಿಂದ ಕಾಯುತ್ತಿತ್ತು, ಆದರೆ ಕಾದ ಮೇಲೆ ನೋಡುತ್ತಿರಲಿಲ್ಲ.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಂಪೈಲರಿನ ಆ ಹಂತ ಬರುವಷ್ಟರಲ್ಲಿ ಯಾವುದು ಒಳಗಿನ ಜಾಗ, ಯಾವುದು ಹೊರಗಿನ ತಂತಿ ಎಂಬ ಗುರುತು ಅಳಿಸಿಹೋಗಿರುತ್ತಿತ್ತು. ಆ ಮಹಾಶಯ ಗುರುತನ್ನು ಉಳಿಸಿಕೊಳ್ಳುವ ಗೋಜಿಗೆ ಹೋಗದೆ, ಚಿಪ್‌ನ ಕೈಪಿಡಿಯಲ್ಲಿ ತಂತಿಗಳಿಗೆ ಕೊಟ್ಟ ಹೆಸರುಗಳನ್ನು ಬರೆದಿಟ್ಟು, ಆ ಹೆಸರು ಕಂಡರೆ ಮುಟ್ಟಬೇಡ ಎಂದಿದ್ದ. ನಿಜವಾಗಿ ಕೆಲಸ ಮಾಡುವ ಯಾರೂ ಕೈಪಿಡಿಯ ಹೆಸರು ಬಳಸುವುದಿಲ್ಲ. ಮಾಮಾ ಕೂಡ ತಂತಿಗಳಿಗೆ ಕೆಂಪು, ಹಳದಿ, ನೀಲಿ ಎಂದು ತಮ್ಮದೇ ಹೆಸರಿಟ್ಟಿದ್ದರು. ಹೆಸರು ಬದಲಾದದ್ದೇ ತಡ, ಕಂಪೈಲರಿಗೆ ತಂತಿಯ ಪರಿಚಯವೇ ಇಲ್ಲ. ಪರೀಕ್ಷೆಗಳು ಪಾಸಾಗಿದ್ದೂ ಸಹಜ. ಅವು ಓಡುವುದು ನಿಜವಾದ ಚಿಪ್ ಮೇಲಲ್ಲ, ಕಂಪ್ಯೂಟರಿನೊಳಗಿನ ನಕಲಿ ಚಿಪ್ ಮೇಲೆ. ಆ ನಕಲಿಯಲ್ಲಿ ತಂತಿಗಳು ಶುರುವಿನಲ್ಲಿ ಹೇಗಿದ್ದವೋ ಕೊನೆಯವರೆಗೂ ಹಾಗೇ ಇರುತ್ತವೆ. ಕರೆಂಟು ಎಂದೂ ಹೋಗದ ಊರಿನಲ್ಲಿ ಕೂತವರು ಬರೆದ ನಕಲಿ ಅದು.

ಇಷ್ಟಾದ ಮೇಲೆ ನನಗೊಂದು ನೆನಪು ಬಂತು. ಇಂಥದ್ದೇ ಬದಲಾವಣೆ ಹಿಂದೊಮ್ಮೆ ಬಂದಿತ್ತು, ಈಗ ಯೋಜನೆ ಬಿಟ್ಟುಹೋಗಿರುವ ಒಬ್ಬ ಹಿರಿಯ ಪರಿಶೀಲಕ ಇದೇ ಕಾರಣಕ್ಕೆ ಅದನ್ನು ತಳ್ಳಿಹಾಕಿದ್ದ. ಅವನ ವಾಕ್ಯಗಳು ಕೂಡ ಕಣ್ಣಿಗೆ ಕಟ್ಟಿದಂತಿದ್ದವು. ಕೆಫೆಗೆ ಹೋಗಿ ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೆ ಬರೆದೆ: ಇದನ್ನು ಮೊದಲೇ ತಿರಸ್ಕರಿಸಲಾಗಿದೆ, ಹೊರಗಿನ ತಂತಿಗಳಿಗೆ ಅಪಾಯ. ಎರಡನೆಯ ಮಾತಿಗೆ ನನ್ನ ಹತ್ತಿರ ಪುರಾವೆ ಇತ್ತು. ಆದರೆ ವಿದ್ಯಾವಂತನ ಚಟ, ಮೊದಲನೆಯದನ್ನು ಮುಂದಿಟ್ಟೆ.

ಯೋಜನೆಯ ಮುಖ್ಯಸ್ಥ ಆ ಹಳೆಯ ತಿರಸ್ಕಾರ ಎಲ್ಲಿದೆ ತೋರಿಸು ಎಂದ. ಎರಡು ಸಂಜೆ ಹಳೆಯ ಸಂದೇಶಗಳನ್ನು ಹುಡುಕಿದೆ. ಸಿಗಲಿಲ್ಲ. ಆ ಹಿರಿಯ ಇದ್ದದ್ದು ನಿಜ, ಸಿಡುಕುತ್ತಿದ್ದದ್ದು ನಿಜ, ಈ ವಿಷಯಕ್ಕೆ ಸಿಡುಕಿದ್ದು ಮಾತ್ರ ಎಲ್ಲೂ ಇರಲಿಲ್ಲ. ನಾನೇ ಎಂದೋ ಯೋಚಿಸಿ ಅದನ್ನು ಅವನ ಬಾಯಲ್ಲಿ ಇಟ್ಟುಕೊಂಡಿದ್ದೆನೋ, ಅಥವಾ ಸಂದೇಶವೇ ಕಳೆದುಹೋಗಿತ್ತೋ, ಇವತ್ತಿಗೂ ಗೊತ್ತಿಲ್ಲ. ಸಿಗಲಿಲ್ಲ ಎಂದು ಬರೆದೆ. ಬದಲಾವಣೆ ಕಳಿಸಿದವನಿಗೆ ಹಬ್ಬವಾಯಿತು. ಪರಿಶೀಲಕರಿಗೆ ಕನಸು ಬೀಳುವುದು ಆರೋಗ್ಯದ ಲಕ್ಷಣ ಎಂಬರ್ಥದ ಒಂದು ಸಾಲು ಬರೆದು ಮುಂದೆ ನಗುವ ಮುಖ ಹಾಕಿದ. ಮುಖ್ಯಸ್ಥ ಸಭ್ಯನಾಗಿಯೇ ಕೊಂದ: ಹೊಸ ಆವೃತ್ತಿ ಬಿಡುಗಡೆಗೆ ಕಾದಿದೆ, ಹೇಳಿಕೆ ಬೇಡ, ನಿಜವಾದ ಚಿಪ್ ಮೇಲೆ ಸೋಲುವ ಒಂದು ಸಣ್ಣ ಪ್ರೋಗ್ರಾಮ್ ಕೊಡು, ಇಲ್ಲವಾದರೆ ಈ ಆಕ್ಷೇಪವನ್ನು ಹಿಂದೆ ತೆಗೆದುಕೊಂಡೆ ಎಂದು ತಿಳಿಯುತ್ತೇವೆ.

ನಿಜವಾದ ಚಿಪ್‌ಗೆ ಪ್ರೋಗ್ರಾಮ್ ಇಳಿಸುವ ಯಂತ್ರ ಬೇಕು. ಕಾಲೇಜಿನಲ್ಲಿ ಅಂಥದ್ದೊಂದು ಇತ್ತು ಎಂದು ವರದಿಗಳಲ್ಲಿ ಇತ್ತು. ಕೈಗೆ ಸಿಗುವಂಥದ್ದು ಇದ್ದದ್ದು ಒಂದೇ ಕಡೆ, ಮಾಮಾನ ಅಂಗಡಿಯಲ್ಲಿ.

ಭಾನುವಾರ ದೇವರ ಹಿಪ್ಪರಗಿ ಮೇಲಿನ ಬಸ್ಸು ಹಿಡಿದು ಬಾಗೇವಾಡಿಗೆ ಹೋದೆ. ಮಾಮಾ ಸುಟ್ಟ ಮೋಟಾರಿನ ಸುರುಳಿ ಬಿಚ್ಚುತ್ತ ಕೂತಿದ್ದರು. ನನ್ನ ಕೈಯಲ್ಲಿ ಫ್ಲಾಪಿ ನೋಡಿ ಪೇಢೆ ತಂದವನನ್ನು ನೋಡುವಂತೆ ನೋಡಿದರು.

“ಬಾ ಬಾ. ತಂದೇನು?”

“ಸುದ್ದಿ ತಂದೇನ್ರಿ. ಒಳ್ಳೇದಲ್ಲ. ಮೊದಲ ನೋಡೂಣು, ಆಮ್ಯಾಲ ಹೇಳ್ತೇನಿ.”

ಎರಡು ಚಿಪ್ ತೆಗೆದುಕೊಂಡೆವು. ಒಂದಕ್ಕೆ ಹಳೆಯ ಕಂಪೈಲರ್ ಇಳಿಸಿದ್ದು, ಇನ್ನೊಂದಕ್ಕೆ ಹೊಸದು. ಹಳೆಯದರಲ್ಲೂ ಹಿಡಿಸಲೆಂದು ಪ್ರೋಗ್ರಾಮಿನಿಂದ ಫೇಸ್ ನೋಡುವ ಭಾಗವನ್ನಷ್ಟೇ ಕತ್ತರಿಸಿ ತಂದಿದ್ದೆ. ಮೂರು ಫೇಸಿನ ಬದಲು ಮೂರು ಸ್ವಿಚ್ಚು, ಮೋಟಾರಿನ ಬದಲು ಒಂದು ಸಣ್ಣ ಕೆಂಪು ದೀಪ. ಮೊದಲು ಹಳೆಯದು. ಮೂರೂ ಒತ್ತಿದೆ, ಕಾಯುವ ಹೊತ್ತಿನಲ್ಲಿ ಮೂರನೆಯದನ್ನು ಬಿಟ್ಟೆ. ದೀಪ ಹತ್ತಲಿಲ್ಲ. ಆಮೇಲೆ ಹೊಸದು. ಮೂರೂ ಒತ್ತಿದೆ, ಮೂರನೆಯದನ್ನು ಬಿಟ್ಟೆ. ದೀಪ ಹತ್ತಿತು. ಮಾಮಾ ನನ್ನ ಕೈ ಸರಿಸಿ ತಾವೇ ಮಾಡಿದರು. ಹತ್ತಿತು. ಸ್ವಿಚ್ಚು ಕೆಟ್ಟಿದೆ ಎಂದು ಬೇರೆ ಹಾಕಿದರು. ಹತ್ತಿತು.

“ಹೊಲದಾಗ ಯಾರ್ ಹಿಂಗ ಒತ್ತಿ ಬಿಡ್ತಾರಲೇ?”

“ಕರೆಂಟ್ ಬಿಡ್ತದ್ರಿ. ನೀವ ಹೇಳಿದ್ದು, ಮೂರನೇದು ಇಣುಕಿ ಹೋಗ್ತೈತಿ ಅಂತ.”

“ಅದು ಒಮ್ಮೊಮ್ಮೆ.”

“ಒಮ್ಮಿ ಸಾಕಲ್ರಿ ಸುಡಾಕ.”

ಮಾಮಾ ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿ ಬಿಟ್ಟರು. ಅರ್ಥವಾಗದೆ ಅಲ್ಲ, ಸುಟ್ಟ ಮೋಟಾರು ಅವರ ಮುಂದೆಯೇ ಬಿದ್ದಿತ್ತು. ಆಮೇಲೆ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿದರು.

“ನೋಡು ತಮ್ಮಾ. ನೀ ಹೂಂ ಅನಬ್ಯಾಡ. ಸುಳ್ಳ ಹೇಳಂತ ನಾ ಅನ್ನಂಗಿಲ್ಲ. ಸುಮ್ಮನ ಇರು ಅಷ್ಟ. ನಿಮ್ಮಲ್ಲಿ ಸುಮ್ಮನಿದ್ರ ಆತಂತಲ್ಲ, ನಿಮ್ಮಕ್ಕ ಹೇಳಿದ್ಲು. ಸಿಂದಗ್ಯಾಗ ಕರೆಂಟ್ ಇರಲಿಲ್ಲ, ಲೈನ್ ಹತ್ತಲಿಲ್ಲ ಅನ್ನು. ಅದು ಖರೇನ ಐತಿ. ಅದು ಬಿಡುಗಡೆ ಆಗಲಿ, ಯುಗಾದಿಗೆ ನಾ ಕೂಡಸ್ತೇನಿ. ಮುಂದ ಏನರ ಆದ್ರ ಕಂಪೈಲರ್ ಮಾಡಿದವರದು ತಪ್ಪು, ನಂದಲ್ಲ, ನಿಂದಲ್ಲ.”

“ಮಾಮಾ, ನಾ ನೋಡಿಬಿಟ್ಟೇನಲ್ರಿ.”

“ನಿನಗ ಯಾರ್ ಕೇಳ್ತಾರ? ಪಗಾರ ಕೊಡ್ತಾರೇನು?”

“ಇಲ್ರಿ.”

“ಮತ್ತ?”

ಅಕ್ಕ ಚಹಾ ತಂದಳು. ಬರುವಾಗ ಫ್ಲಾಪಿಯನ್ನೂ ಎರಡೂ ಚಿಪ್‌ಗಳನ್ನೂ ಜೇಬಿಗೆ ಹಾಕಿಕೊಂಡೆ. ಹೊಸ ಕಂಪೈಲರ್ ಬೇರೆ ಯಾವ ಕಡೆಯಿಂದಲೂ ಮಾಮಾನಿಗೆ ಸಿಗುವಂತಿರಲಿಲ್ಲ, ಬಿಡುಗಡೆಯಾದರೆ ಮಾತ್ರ. ಅವರು ನೋಡಿ, ಮತ್ತೆ ಸುರುಳಿ ಬಿಚ್ಚಲು ಕೂತರು.

ವಾಪಸು ಬಸ್ಸಿನಲ್ಲಿ ನಾನು ಧರ್ಮ-ಅಧರ್ಮದ ವಿಚಾರ ಮಾಡುತ್ತಿದ್ದೆ ಎಂದು ಬರೆದರೆ ಅದೂ ಇನ್ನೊಂದು ಕಟ್ಟಿದ ನೆನಪಾದೀತು. ನಾನು ಮಾಡುತ್ತಿದ್ದದ್ದು ನೆಪಗಳನ್ನು ತೂಗುವ ಕೆಲಸ. ಮಾಮಾ ಹೇಳಿದ ನೆಪ ನಿಜಕ್ಕೂ ಗಟ್ಟಿಯಾಗಿತ್ತು. ಹಿಂದಿನ ವಾರ ಮೂರು ಸಂಜೆ ಕೆಫೆಯಲ್ಲಿ ಲೈನ್ ಹತ್ತಿರಲಿಲ್ಲ, ಅಲ್ಲಿಯ ಮಾಲೀಕ ಬೇಕಾದರೆ ಸಾಕ್ಷಿ ಹೇಳುತ್ತಿದ್ದ. ಒಮ್ಮೆ ನೆನಪು ಕೈಕೊಟ್ಟು ನಗೆಗೀಡಾದವನು ಮತ್ತೆ ಬಾಯಿ ತೆರೆಯದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಒಪ್ಪಿಗೆ ಕೊಟ್ಟು ಮಾಮಾನಿಗೆ ಮಾತ್ರ ಬಳಸಬೇಡಿ ಎಂದು ಹೇಳುವ ಜಾಣತನವೂ ಹೊಳೆಯಿತು. ಆದರೆ ತಂತಿಗೆ ತನ್ನದೇ ಹೆಸರಿಟ್ಟವರು ಜಗತ್ತಿನಲ್ಲಿ ಮಾಮಾ ಒಬ್ಬರೇ ಅಲ್ಲ. ಉಳಿದವರ ಅಂಗಡಿ ಎಲ್ಲಿದೆಯೋ, ಅವರ ಚಿಪ್ ಏನನ್ನು ಕಾಯುತ್ತಿದೆಯೋ ನನಗೆ ಗೊತ್ತಿರಲಿಲ್ಲ. ಮೋಟಾರಿಗಿಂತ ದೊಡ್ಡದೇ ಇರಬಹುದು.

ಮತ್ತು ಸ್ಪಷ್ಟವಾಗಿ ಹೇಳಬೇಕೆಂದರೆ, ಆ ನಗುವ ಮುಖ ಹಾಕಿದವನ ಕೋಡು ನನ್ನ ಮೌನದ ಮೇಲೆ ಒಳಗೆ ಹೋಗುವುದು ನನಗೆ ಸಹಿಸಲಾಗದಾಗಿತ್ತು. ಒಳ್ಳೆಯ ಕೆಲಸಗಳಲ್ಲಿ ಅರ್ಧ ಇಂಥ ಕಾರಣಕ್ಕೇ ಆಗುತ್ತವೆ ಎಂದು ನನ್ನ ಅಂದಾಜು.

ಬಸ್ಸಿಳಿದವನು ನೇರ ಕೆಫೆಗೆ ಹೋದೆ. ಈ ಸಲ ನೆನಪಿನ ಮಾತೇ ಎತ್ತಲಿಲ್ಲ. ಕತ್ತರಿಸಿದ ಆ ಸಣ್ಣ ಪ್ರೋಗ್ರಾಮ್, ಎಡ-ಬಲದ ಆಜ್ಞೆಗಳು, ಸ್ವಿಚ್ಚು ಒತ್ತಿ ಬಿಡುವ ಕ್ರಮ, ಎರಡು ಚಿಪ್ ಎರಡು ಫಲಿತಾಂಶ. ಕೊನೆಗೆ ಒಂದು ಶಬ್ದ: ಬೇಡ. ಕಳಿಸು ಒತ್ತಿದ ಮೇಲೆ ಲೈನ್ ಕಡಿಯಿತು. ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಮತ್ತೆ ಹತ್ತುವವರೆಗೆ ಕೂತೆ, ನನ್ನ ಸಂದೇಶ ಲಿಸ್ಟಿನಲ್ಲಿ ಕಾಣಿಸಿದ ಮೇಲೆ ಎದ್ದೆ.

ಮುಖ್ಯಸ್ಥ ತನ್ನ ಬಳಿಯಿದ್ದ ಚಿಪ್ ಮೇಲೆ ಮಾಡಿ ನೋಡಿ, ಹೌದು ಎಂದು ಒಂದೇ ಮಾತು ಬರೆದ. ಬದಲಾವಣೆ ನಿಂತಿತು. ಆ ಮಹಾಶಯ ಕೆಲವೇ ದಿನಗಳಲ್ಲಿ ಎರಡನೆಯ ಆವೃತ್ತಿ ಕಳಿಸಿದ. ತಂತಿಯ ಗುರುತನ್ನು ಕೊನೆಯವರೆಗೂ ಒಯ್ಯುವ, ಅವನು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಈಗ ಮಾಡಿದ್ದ. ತಾನು ಮೊದಲಿನಿಂದಲೂ ಹೀಗೇ ಅಂದುಕೊಂಡಿದ್ದೆ ಎಂದು ಪೀಠಿಕೆ ಹಾಕಿದ್ದ. ಅವನಿಗೂ ನೆನಪಿನ ತೊಂದರೆ ಇದ್ದಿರಬೇಕು. ಎರಡು ಸಲ ಓದಿ, ಒಪ್ಪಿಗೆ ಎಂದು ಬರೆದೆ. ಆ ಆವೃತ್ತಿಯಲ್ಲಿ ಮಾಮಾನ ಪ್ರೋಗ್ರಾಮ್ ಅಗ್ಗದ ಚಿಪ್‌ನಲ್ಲಿ ಹಿಡಿಸಲಿಲ್ಲ. ದೊಡ್ಡ ಚಿಪ್ ಬೇಕು, ಅದಕ್ಕೆ ಬೋರ್ಡು ಬೇರೆ, ಯುಗಾದಿಯ ಮಾತು ಹೋಯಿತು.

ಮಾಮಾ ಕೆಲವು ದಿನ ಫೋನ್ ಮಾಡಲಿಲ್ಲ. ಮಾಡಿದಾಗ, ಗೌಡರ ಹತ್ತಿರ ನೀನೇ ಬಂದು ಹೇಳು, ತಾನು ಮುಖ ತೋರಿಸುವುದಿಲ್ಲ ಎಂದರು. ಹಾಗೆಂದವರು ಬೈಕಿನಲ್ಲಿ ಮುಂದೆ ಕೂತು ತಾವೇ ನನ್ನನ್ನು ಇಂಗಳೇಶ್ವರಕ್ಕೆ ಕರೆದೊಯ್ದರು.

ಗೌಡರು ಉಳ್ಳಾಗಡ್ಡಿ ಹೊಲದ ನಡುವಿನ ಶೆಡ್ಡಿನಲ್ಲಿ ಹೊರಸಿನ ಮೇಲೆ ಕೂತಿದ್ದರು. ವಯಸ್ಸಾದವರು, ಆದರೆ ಕಣ್ಣಿನಲ್ಲಿ ಚೇಷ್ಟೆ ಇತ್ತು.

“ಬರ್ರಿ ಇಂಜಿನಿಯರ್ ಸಾಹೇಬ್ರ. ಪೆಟಿಗಿ ಎಲ್ಲಿ? ಕಿಸೆದಾಗ ಐತೇನು?”

ಮಾಮಾ ನನ್ನ ಭುಜಕ್ಕೆ ಕೈಯಿಟ್ಟು ಮುಂದೆ ತಳ್ಳಿದರು. “ಇವನ್ನ ಕೇಳ್ರಿ. ನಿಮ್ಮ ಪೆಟಿಗಿ ನಿಂದ್ರಿಸಿದಾಂವ ಇವನ.”

ನಾನು ಹೇಳಿದೆ. ಕಂಪೈಲರ್ ಎಂಬ ಶಬ್ದ ಬಳಸಲಿಲ್ಲ. ಚಿಪ್ ಒಮ್ಮೆ ನೋಡಿ, ಕಾದು, ಮತ್ತೆ ನೋಡದೆ ಮೋಟಾರು ಎತ್ತುತ್ತಿತ್ತು ಎಂದಷ್ಟೇ ಹೇಳಿದೆ. ಗೌಡರು ಕೇಳಿದರು.

“ಸುಡತಿತ್ತೇನು?”

“ಸುಡತಿತ್ರಿ.”

“ಹೋದ ವರ್ಷ ಸುಟ್ಟಿತ್ತು. ಪೈಪ್ ಎಲ್ಲಾ ಮ್ಯಾಲ ಎತ್ತಿ ಮೋಟಾರ್ ತಗಿಯೂದ್ರಾಗ ಬೆಳಿ ಒಣಗಿತು.” ಮಾಮಾನ ಕಡೆ ತಿರುಗಿದರು. “ಛಲೋ ಮಾಡ್ಯಾನಲ್ರೀ ನಿಮ್ಮ ಅಳಿಯ.”

ಮಾಮಾ ಒಂದು ಉಸಿರನ್ನೂ ದಂಡ ಮಾಡಲಿಲ್ಲ. “ಇವಗ ಹೇಳಿದಾಂವ ನಾನ ರೀ. ಯುಗಾದಿ ಹೋದ್ರ ಹೋಗಲಿ, ಬ್ಯಾಡ ಅಂತ ಬರಿ ಅಂದೆ.”

ನಾನು ಅವರ ಮುಖ ನೋಡಿದೆ. ಅಲ್ಲಿ ಲಜ್ಜೆಯ ಸುಳಿವೂ ಇರಲಿಲ್ಲ, ಸುಳ್ಳು ಹೇಳುವವನ ಎಚ್ಚರವೂ ಇರಲಿಲ್ಲ. ಅವರು ಅದನ್ನು ನಂಬಿಬಿಟ್ಟಿದ್ದರು. ನನ್ನ ಪರಿಸ್ಥಿತಿ ಎಂಥದ್ದೆಂದರೆ, ಒಂದು ಕ್ಷಣ ನಾನೂ ಅಂಗಡಿಯ ಮಾತುಗಳನ್ನು ಒಂದೊಂದಾಗಿ ಎಣಿಸಿ ನೋಡಿದೆ. ಇಲ್ಲ, ಹೇಳಿರಲಿಲ್ಲ. ಸುಮ್ಮನಿರು ಅಂದಿದ್ದರು. ಇದೊಂದನ್ನು ಮಾತ್ರ ನಾನು ಆಣೆ ಮಾಡಿ ಹೇಳಬಲ್ಲೆ.

“ಯಾವಾಗರ ಹೇಳಿರ್ಲಿ, ಯಾರರ ಹೇಳಿರ್ಲಿ,” ಗೌಡರು ಅಂದರು, “ಸರಿ ಆದ ಮ್ಯಾಲ ತರ್ರಿ.”

ಅಷ್ಟರಲ್ಲಿ ಗೋಡೆಯ ಮೇಲಿನ ಹಲಗೆಯಲ್ಲಿ ಮೂರು ಬಲ್ಬು ಹತ್ತಿದವು, ಫೇಸಿಗೊಂದರಂತೆ. ಕರೆಂಟು ಬಂದಿತ್ತು. ಗೌಡರು ಎದ್ದು ಸ್ಟಾರ್ಟರಿನ ಹತ್ತಿರ ಹೋದರು. ಬಲ್ಬುಗಳನ್ನು ನೋಡಿದರು. ಕೈ ಮುಂದೆ ಚಾಚಲಿಲ್ಲ. ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು, ಬಾಗಿಲಾಚೆ ಉಗುಳಿ ಬಂದರು, ಮತ್ತೆ ನೋಡಿದರು. ಮೂರನೆಯ ಬಲ್ಬು ಆರಿತ್ತು. ಬಂದು ಹೊರಸಿನ ಮೇಲೆ ಕೂತರು.

ಮಾಮಾ ಅವರ ಪಕ್ಕಕ್ಕೆ ಸರಿದು ಕೂತು, ಬೆರಳು ಎತ್ತಿ, ತಿಳಿಹೇಳಲು ಶುರುಮಾಡಿದರು.

“ಈಗ ನೋಡ್ರಿ ಗೌಡ್ರ, ಇದರಾಗ ಒಂದು ತಾಂತ್ರಿಕ ವಿಷಯ ಐತಿ. ಒಮ್ಮಿ ನೋಡಿದ್ರ ಸಾಲೂದಿಲ್ಲ...”

ಗೌಡರು ಹೂಂ, ಹೂಂ ಎನ್ನುತ್ತ ಕೇಳುತ್ತಿದ್ದರು.